ಬ್ಯಾಗಲ್ಲಿ ಹಿಡಿಯೋ ಗಾಳಿ ಬೋಟ್: ಪ್ಯಾಕ್‌ರಾಫ್ಟಾ, ಕಯಾಕಾ, ಡಿಂಗಿನಾ?

ಬೆನ್ನಿಗೆ ಹೊರೋಷ್ಟು ಹಗುರದ ಪ್ಯಾಕ್‌ರಾಫ್ಟ್ ತಗೊಳ್ಳಲಾ, ಗಾಳಿ ತುಂಬೋ ಚೂಪು ಮೂತಿಯ ಉದ್ದನೆ ಕಯಾಕ್ ತಗೊಳ್ಳಲಾ, ಇಲ್ಲ ಸುಮ್ನೆ ಡಿಂಗಿ ಅನ್ನೋ ಒಂದು ಪುಟ್ಟ ದೋಣಿ ಸಾಕಾ ಅಂತ ಕೇಳೋರು ತುಂಬಾ ಜನ ಇದ್ದಾರೆ. ಕೇಳೋವಾಗ ಎಲ್ರಿಗೂ ನೀರಿನ ಮೇಲಿನ ಚಿಂತೆನೇ, ಎಷ್ಟು ಸ್ಪೀಡು ಹೋಗುತ್ತೆ, ಎಷ್ಟು ಜನ ಕೂರಬಹುದು, ಮಗುಚುತ್ತಾ ಅಂತ. ನಾನು ತಿರುಗಿ ಕೇಳೋ ಮೊದಲ ಪ್ರಶ್ನೆ ಬೇರೆ: ಬಸ್ಸೋ ಕಾರೋ ಇಳಿದ ಮೇಲೆ ದಡದವರೆಗೆ ಅದನ್ನ ಯಾರು ಹೊರ್ತಾರೆ, ಎಷ್ಟು ದೂರ ಹೊರ್ತಾರೆ? ಯಾಕಂದ್ರೆ ಪ್ರವಾಸಕ್ಕೆ ಅಂತ ತಗೊಂಡ ಬೋಟು ನೀರಲ್ಲಿರೋದು ದಿನಕ್ಕೆ ಎರಡೋ ಮೂರೋ ಗಂಟೆ, ಮಿಕ್ಕಿದ್ ಹೊತ್ತೆಲ್ಲ ನಿಮ್ಮ ಬೆನ್ನ ಮೇಲೆ, ಡಿಕ್ಕಿಲಿ, ಇಲ್ಲಾಂದ್ರೆ ರೂಮಿನ ಮೂಲೇಲಿ ಒದ್ದೆ ಮುದ್ದೆಯಾಗಿ ಬಿದ್ದಿರುತ್ತೆ.

ನನ್ನ ಮೊದಲ ಬೋಟು ಇಬ್ಬರು ಕೂರೋ ಕಯಾಕು, ಬೋಟು ಪಂಪು ಹುಟ್ಟು ಎಲ್ಲ ಸೇರಿ 20 ಕೆಜಿ ಹತ್ರ. ಬಾಕ್ಸ್ ಮೇಲೆ 'ಪೋರ್ಟಬಲ್' ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಚೀಲಕ್ಕೆ ಎರಡು ತೆಳ್ಳನೆ ಪಟ್ಟಿ ಹೊಲಿದಿದ್ರು ಅಷ್ಟೇ. ಗಾಡಿ ನಿಲ್ಲಿಸಿದ ಜಾಗದಿಂದ ನೀರಿಗೆ ಒಂದೂವರೆ ಕಿಲೋಮೀಟರ್ ಕಾಲುದಾರಿ, ಪಟ್ಟಿ ಭುಜಕ್ಕೆ ಕೊರೆದು ಕೆಂಪಗೆ ಬರೆ ಬಿದ್ದು, ನಾಲ್ಕು ಸಲ ಇಳಿಸಿ ಕೂತು ಎದ್ದು, ದಡ ಮುಟ್ಟೋ ಹೊತ್ತಿಗೆ ಹನ್ನೊಂದು ಗಂಟೆ, ಬಿಸಿಲೇರಿ ಗಾಳಿ ಎದ್ದಿತ್ತು. ನೀರಲ್ಲಿ ಆ ಬೋಟು ಚೆನ್ನಾಗೇ ಹೋಯ್ತು, ಅದರ ತಪ್ಪೇನೂ ಇಲ್ಲ. ಆದ್ರೆ ಆ ವರ್ಷ ಅದು ಮನೆ ಬಿಟ್ಟು ಹೊರಗೆ ಬಂದಿದ್ದು ಇನ್ನೊಂದೇ ಸಲ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ ಹಂಗೆ, ಟ್ರಿಪ್ಪಿಗಿಂತ ಬೋಟೇ ಭಾರ ಆದ್ರೆ ಅದು ಎಷ್ಟೇ ಒಳ್ಳೇದಾದ್ರೂ ಕೊನೆಗೆ ಅಟ್ಟ ಸೇರುತ್ತೆ.

ಹಾಗಾಗಿ ಬೋಟುಗಳ ಹೆಸರಿಗೆ ಹೋಗೋ ಮುಂಚೆ ಏನೇನು ಅಳೀಬೇಕು ಅಂತ ನೋಡೋಣ. ತೂಕ ಮೊದಲನೇದು, ಆದ್ರೆ ಬೋಟಿನ ತೂಕ ಅಂತ ಕಂಪನಿಯವರು ಹಾಕೋದು ಸಾಮಾನ್ಯವಾಗಿ ಬರೀ ಬೋಟಿಂದು. ಅದಕ್ಕೆ ಹುಟ್ಟು ಸುಮಾರು 1 ಕೆಜಿ, ಲೈಫ್ ಜಾಕೆಟ್ ಅರ್ಧದಿಂದ 1 ಕೆಜಿ, ಕೈ ಪಂಪ್ ಇದ್ರೆ ಇನ್ನೊಂದು ಒಂದೂವರೆ ಕೆಜಿ, ತೇಪೆ ಸಾಮಾನು, ನೀರು ಹೋಗದ ಚೀಲ, ಇದೆಲ್ಲ ಸೇರಿಸಿ ಲೆಕ್ಕ ಹಾಕಿ. ವಾಪಸ್ ಬರೋವಾಗ ಒದ್ದೆಯಾಗಿರುತ್ತೆ ಅನ್ನೋದೂ ಮರೀಬೇಡಿ, ಬಟ್ಟೆ ಹೊದಿಕೆ ಇರೋ ಕಯಾಕು ಒಂದೆರಡು ಕೆಜಿ ನೀರು ಕುಡಿದುಕೊಂಡೇ ಬರುತ್ತೆ. ಬೆನ್ನ ಮೇಲೆ ಹೊತ್ತು ಗಂಟೆಗಟ್ಟಲೆ ನಡೆಯೋರಿಗೆ ಎಲ್ಲ ಸೇರಿ 5 ಕೆಜಿ ಒಳಗಿರಬೇಕು, ಬಸ್ಸು ರೈಲಲ್ಲಿ ಹೋಗಿ ಸ್ವಲ್ಪ ನಡೆಯೋರು 10 ರಿಂದ 12 ಕೆಜಿವರೆಗೆ ಸಂಭಾಳಿಸಬಹುದು, ಅದರಾಚೆ ಏನಿದ್ರೂ ಚಕ್ರದ ಟ್ರಾಲಿ ಇಲ್ಲ ಕಾರು ಬೇಕೇ ಬೇಕು.

ವಿಮಾನದಲ್ಲಿ ಒಯ್ಯೋರಿಗೆ ಬೇರೆ ಲೆಕ್ಕ. ಹೆಚ್ಚಿನ ಏರ್‌ಲೈನ್‌ಗಳಲ್ಲಿ ಒಂದು ಚೆಕ್-ಇನ್ ಬ್ಯಾಗಿಗೆ 23 ಕೆಜಿ, ಉದ್ದ ಅಗಲ ಎತ್ತರ ಕೂಡಿಸಿದ್ರೆ 158 ಸೆಂಟಿಮೀಟರ್ ಒಳಗಿರಬೇಕು ಅಂತಿರುತ್ತೆ, ಕಡಿಮೆ ದರದ ಟಿಕೆಟ್ಟಾದ್ರೆ ಅದಕ್ಕಿಂತ ಕಮ್ಮಿನೂ ಇರುತ್ತೆ, ಅದರಲ್ಲಿ ನಿಮ್ಮ ಬಟ್ಟೆಬರೆನೂ ಸೇರಬೇಕು. ಚಾರ್ಜ್ ಮಾಡೋ ಪಂಪಿನ ಬಿಡಿ ಲಿಥಿಯಂ ಬ್ಯಾಟರಿ ಕೈ ಬ್ಯಾಗಲ್ಲೇ ಇರಬೇಕು, 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತಕರಾರಿಲ್ಲ. ತಾನಾಗೇ ಉಬ್ಬೋ ಲೈಫ್ ಜಾಕೆಟ್‌ನ ಗ್ಯಾಸ್ ಸಿಲಿಂಡರಿಗೆ ಏರ್‌ಲೈನ್ ಒಪ್ಪಿಗೆ ಮೊದಲೇ ತಗೋಬೇಕು, ಬೇಗ ಹೊತ್ತಿಕೊಳ್ಳೋ ಥರದ ಅಂಟಿನ ಟ್ಯೂಬನ್ನಂತೂ ಬಿಡಲ್ಲ, ಆದ್ದರಿಂದ ಅಂಟಿಸೋ ಟೇಪ್ ತೇಪೆನೇ ಇಟ್ಕೊಳ್ಳಿ.

ಎರಡನೇದು ನೀರು. ಅಲುಗಾಡದ ಕೆರೆ ಹಿನ್ನೀರಾ, ಹರಿಯೋ ಹೊಳೆನಾ, ಕಲ್ಲು ಬಂಡೆ ಇರೋ ತೊರೆನಾ, ಸಮುದ್ರದ ದಡನಾ, ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಕೊಳ್ಳಿ. ಮುಂದೊಂದು ದಿನ ದೊಡ್ಡ ನದಿ ಇಳೀತೀನಿ ಅನ್ನೋ ಕನಸಿಗೆ ಬೋಟು ತಗೋಬೇಡಿ, ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಎಲ್ಲಿ ಇಳೀತೀರೋ ಅದಕ್ಕೆ ತಗೊಳ್ಳಿ.

ಮೂರನೇದು ಗಾಳಿ, ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಗಾಳಿ ತುಂಬಿದ ಬೋಟು ಅಂದ್ರೆ ಹಗುರ, ನೀರಿನ ಮೇಲೆ ಎತ್ತರಕ್ಕೆ ತೇಲುತ್ತೆ, ತಳ ಚಪ್ಪಟೆ, ನೀರನ್ನ ಹಿಡ್ಕೊಳ್ಳೋಕೆ ಕೆಳಗೆ ಏನೂ ಇಲ್ಲ, ಹಾಗಾಗಿ ಗಾಳಿಗೆ ಅದು ಎಲೆ ಇದ್ದಂಗೆ. ಪ್ಯಾಕ್‌ರಾಫ್ಟಲ್ಲಿ ಆರಾಮಾಗಿ ಹುಟ್ಟು ಹಾಕಿದ್ರೆ ಗಂಟೆಗೆ 3 ರಿಂದ 4 ಕಿಲೋಮೀಟರ್, ಒಳ್ಳೆ ಕಯಾಕಲ್ಲಿ 5 ರಿಂದ 6, ಗಂಟೆಗೆ 20 ಕಿಲೋಮೀಟರ್ ಮೇಲೆ ಎದುರುಗಾಳಿ ಬೀಸಿದ್ರೆ ಪ್ಯಾಕ್‌ರಾಫ್ಟ್ ನಿಂತಲ್ಲೇ ನಿಲ್ಲುತ್ತೆ. ಒಂದು ಹಿನ್ನೀರಲ್ಲಿ ಎದುರು ದಡದಲ್ಲಿದ್ದ ಒಂದು ಒಣಗಿದ ಮರಾನೇ ಗುರಿ ಇಟ್ಕೊಂಡು ಇಪ್ಪತ್ತು ನಿಮಿಷ ಬಿಡದೆ ಹುಟ್ಟು ಹಾಕಿದ್ದೀನಿ, ಪ್ರತಿ ಸಲ ತಲೆ ಎತ್ತಿದಾಗ್ಲೂ ಆ ಮರ ಅಷ್ಟೇ ದೂರ, ಕೈ ಬಿಟ್ಟು ನೀರು ಕುಡಿಯೋಷ್ಟರಲ್ಲಿ ಬೋಟು ಹಿಂದಕ್ಕೆ ಜಾರಿ ಅಡ್ಡಡ್ಡ ತಿರುಗಿರೋದು. ನೆಲದಿಂದ ನೀರಿನ ಕಡೆ ಬೀಸೋ ಗಾಳಿ ಇದಕ್ಕಿಂತ ಅಪಾಯ, ದಡದ ಹತ್ರ ನೀರು ಕನ್ನಡಿ ಥರ ಶಾಂತವಾಗಿ ಕಾಣುತ್ತೆ, ನೂರು ಮೀಟರ್ ಒಳಗೆ ಹೋದ್ಮೇಲೆ ವಾಪಸ್ ಬರೋಕೇ ಬಿಡಲ್ಲ.

ಇನ್ನು ಎಷ್ಟು ಜನ, ಎಷ್ಟು ಲಗೇಜು, ದಿನಕ್ಕೆ ಎಷ್ಟು ಸಲ ಗಾಳಿ ತುಂಬಿ ಬಿಡ್ತೀರ, ಒಣಗಿಸೋಕೆ ಜಾಗ ಇದ್ಯಾ, ಹರಿದ್ರೆ ಅಲ್ಲೇ ಸರಿ ಮಾಡೋಕಾಗುತ್ತಾ, ಆಮೇಲೆ ದುಡ್ಡು. ಇವಿಷ್ಟು ಕೈಲಿಟ್ಕೊಂಡು ಒಂದೊಂದೇ ಬೋಟು ನೋಡೋಣ.

ಎಲ್ಲಕ್ಕಿಂತ ಅಗ್ಗ ಸಿಗೋದು ತೆಳು ವಿನೈಲ್ ಡಿಂಗಿ, ಈಜುಕೊಳದ ಆಟದ ಸಾಮಾನಿನ ದೊಡ್ಡ ಅಣ್ಣ ಅನ್ನಬಹುದು. ಒಳಗೆ ಬಟ್ಟೆಯ ನೇಯ್ಗೆ ಇರಲ್ಲ, ಬರೀ ಪ್ಲಾಸ್ಟಿಕ್ ಹಾಳೆ, ಅದಕ್ಕೇ ಜಾಸ್ತಿ ಗಾಳಿ ತುಂಬಿದ್ರೆ ಹಿಗ್ಗುತ್ತೆ, ಕಮ್ಮಿ ತುಂಬಿದ್ರೆ ಮಧ್ಯಕ್ಕೆ ಮಡಚ್ಕೊಳ್ಳುತ್ತೆ. ಮುಳ್ಳು, ಸೀಳು ಕಲ್ಲು, ಮೀನಿನ ಗಾಳ ಯಾವುದೂ ಇದಕ್ಕೆ ಆಗಿಬರಲ್ಲ. ಹರಿಗೋಲು ಸುತ್ತಿದಂಗೆ ಒಂದು ಕಡೆ ಹುಟ್ಟು ಹಾಕಿದ್ರೆ ಇನ್ನೊಂದು ಕಡೆ ತಿರುಗುತ್ತೆ. ಆದ್ರೂ ಇದನ್ನ ಬೇಡವೇ ಬೇಡ ಅನ್ನಲ್ಲ, ಗಾಳಿ ಇಲ್ಲದ ಬೆಳಗ್ಗೆ ಸಣ್ಣ ಕೆರೇಲಿ ದಡದಿಂದ ಈಜಿ ವಾಪಸ್ ಬರೋಷ್ಟು ದೂರದಲ್ಲೇ ಇರ್ತೀನಿ, ವರ್ಷಕ್ಕೆ ಎರಡು ಸಲ, ಇದು ನಂಗೆ ಇಷ್ಟ ಆಗುತ್ತೋ ಇಲ್ವೋ ನೋಡಬೇಕು ಅಷ್ಟೇ ಅನ್ನೋರಿಗೆ ಇದು ಸಾಕು. ಹರಿಯೋ ನೀರಿಗೆ, ಸಮುದ್ರಕ್ಕೆ ಮಾತ್ರ ಖಂಡಿತ ಇಳಿಸಬೇಡಿ. ಎರಡು ಮೂರು ಬೇರೆ ಬೇರೆ ಗಾಳಿ ಕೋಣೆ ಇರೋದನ್ನೇ ನೋಡಿ ತಗೊಳ್ಳಿ, ಒಂದು ಹೋದ್ರೆ ಇನ್ನೊಂದು ತೇಲಿಸಬೇಕು.

ಪ್ಯಾಕ್‌ರಾಫ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಪ್ರವಾಸಕ್ಕೆ ಅಂತಲೇ ಹುಟ್ಟಿದ್ದು ಇದೊಂದೇ. ಇದರ ಹಿಂದಿನ ಯೋಚನೆ ಹಳೇದು, 1840ರ ದಶಕದಲ್ಲಿ ಪೀಟರ್ ಹಾಲ್ಕೆಟ್ ಅನ್ನೋ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಬ್ಬರ್ ಬಟ್ಟೆಯ ಮೇಲಂಗಿ ಒಂದನ್ನ ಮಾಡಿದ, ಹಾಕ್ಕೊಂಡ್ರೆ ಅಂಗಿ, ಗಾಳಿ ತುಂಬಿದ್ರೆ ಬೋಟು, ಕೊಡೆನೇ ಹಾಯಿ. ಜಾನ್ ರೇ ಆರ್ಕ್ಟಿಕ್ ಅನ್ವೇಷಣೆಗೆ ಹೋಗುವಾಗ ಹಾಲ್ಕೆಟ್‌ನ ಬೋಟನ್ನೇ ಜೊತೆಗೆ ಒಯ್ದಿದ್ದ. ಈಗಿನ ರೂಪ ಬಂದಿದ್ದು 2000ದ ಆಸುಪಾಸಲ್ಲಿ, ಅಲಾಸ್ಕಾದ ಶೆರಿ ಟಿಂಗಿ ಮಗನ ಕಾಡು ಮೇಡು ಅಲೆದಾಟಕ್ಕೆ ಅಂತ ಹೊಲಿದುಕೊಟ್ಟಿದ್ದೇ ಮುಂದೆ ಅಲ್ಪಾಕಾ ರಾಫ್ಟ್ ಕಂಪನಿ ಆಯ್ತು. ಈಗ ಕೊಕೊಪೆಲ್ಲಿ, ಆನ್ಫಿಬಿಯೋ, ಎಂಆರ್‌ಎಸ್ ಅಂತ ಬೇರೆಯವರೂ ಇದ್ದಾರೆ.

ಟಿಪಿಯು ಅನ್ನೋ ರಬ್ಬರ್ ಥರ ಬಾಗೋ ಪ್ಲಾಸ್ಟಿಕ್ ಲೇಪಿಸಿದ ನೈಲಾನ್ ಬಟ್ಟೆ, ಅಂಚುಗಳನ್ನ ಬಿಸಿ ಮಾಡಿ ಬೆಸೆದಿರ್ತಾರೆ, ಒಬ್ಬರು ಕೂರೋದು ಸಾಮಾನ್ಯವಾಗಿ 2ರಿಂದ 3.5 ಕೆಜಿ, ಸುತ್ತಿಟ್ರೆ ಸಣ್ಣ ಸ್ಲೀಪಿಂಗ್ ಬ್ಯಾಗಿನಷ್ಟು. ಪಂಪ್ ಬೇಡ ಅನ್ನೋದೇ ಇದರ ದೊಡ್ಡ ಸುಖ. ದಿಂಬಿನ ಚೀಲದ ಥರ ಒಂದು ತೆಳು ನೈಲಾನ್ ಚೀಲ ಕೊಡ್ತಾರೆ, ಅದರ ತುದೀನ ವಾಲ್ವಿಗೆ ತಿರುಗಿಸಿ, ಬಾಯಿ ಅಗಲಿಸಿ ಗಾಳಿಲಿ ಒಂದ್ಸಲ ಬೀಸಿ ಗಬಕ್ಕಂತ ಬಾಯಿ ಹಿಡಿದು, ಎದೆಗೆ ಅವಚಿ ಒತ್ತಿದ್ರೆ ಬುಸ್ ಅಂತ ಬೋಟಿಗೆ ಹೋಗುತ್ತೆ. ಮೊದಲೆರಡು ಸಲ ಬರೀ ಅರ್ಧ ಚೀಲ ಸಿಗುತ್ತೆ, ಆಮೇಲೆ ಕೈಗೆ ಹದ ಬಂದು ಐದು ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಕೊನೆಗೆ ಬಾಯಲ್ಲಿ ಊದಿ ಬಿಗಿ ಮಾಡ್ಬೇಕು. ಇಲ್ಲೊಂದು ವಿಷಯ, ದಡದಲ್ಲಿ ಗಟ್ಟಿಯಾಗಿ ತುಂಬಿದ್ರೂ ತಣ್ಣನೆ ನೀರಿಗಿಟ್ಟ ಎರಡೇ ನಿಮಿಷಕ್ಕೆ ಸೊರಗಿದಂಗೆ ಆಗುತ್ತೆ, ತೂತಾಯ್ತು ಅಂತ ಗಾಬರಿ ಬೀಳ್ಬೇಡಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತೆ ಅಷ್ಟೇ, ನೀರಲ್ಲಿಟ್ಟು ಸ್ವಲ್ಪ ಕಾದು ಇನ್ನೊಂದ್ಸಲ ಊದಿ ಹೊರಡಿ.

ಇದರಲ್ಲೇ ಮೂರು ಥರ. 1 ಕೆಜಿ ಆಸುಪಾಸಿನ ಅತಿ ಹಗುರದ್ದು ಹೊಳೆ ದಾಟೋಕೆ, ಶಾಂತ ಕೆರೆಗೆ ಸರಿ, ಬಟ್ಟೆ ತೆಳು ಇರೋದ್ರಿಂದ ಕಲ್ಲಿಗೆ ಉಜ್ಜೋ ಕಡೆ ಒಯ್ಯಬಾರದು. ನಡುವಿನದು ಎಲ್ಲಕ್ಕೂ ಆಗುತ್ತೆ, ಬಹಳ ಜನಕ್ಕೆ ಬೇಕಾಗೋದು ಇದೇ. ಮೂರನೇದು ಬಿಳಿನೊರೆಯ ರಭಸದ ನೀರಿಗೆ, ತೊಡೆ ಪಟ್ಟಿ, ಮೇಲಿಂದ ನೀರು ಬೀಳದಂಗೆ ಹೊದಿಕೆ ಇಲ್ಲ ತಾನಾಗೇ ನೀರು ಹೊರಹಾಕೋ ತಳ, ತೂಕ 4ರಿಂದ 5 ಕೆಜಿ. ಅದನ್ನ ತಗೊಳ್ಳೋ ಮುಂಚೆ ರಭಸದ ನೀರಲ್ಲಿ ಬಿದ್ರೆ ಏನು ಮಾಡ್ಬೇಕು ಅನ್ನೋ ತರಬೇತಿ ತಗೊಳ್ಳಿ, ಬೋಟು ಅದನ್ನ ಕಲಿಸಲ್ಲ. ಕೆಲವಕ್ಕೆ ಟ್ಯೂಬಿನ ಒಳಗೇ ಲಗೇಜ್ ಇಡೋಕೆ ಗಾಳಿ ಬಿಡದ ಜಿಪ್ ಇರುತ್ತೆ, ಬಟ್ಟೆ ಟೆಂಟು ಎಲ್ಲ ಟ್ಯೂಬ್ ಒಳಗೆ ಹೋಗಿ ಭಾರ ಕೆಳಗಿಳಿಯೋದ್ರಿಂದ ಬೋಟು ಇನ್ನೂ ಸ್ಥಿರವಾಗುತ್ತೆ, ಹಲವು ದಿನದ ಪ್ರಯಾಣಕ್ಕೆ ಇದು ವರ. ಆದ್ರೆ ಆ ಜಿಪ್ಪಿನ ಹಲ್ಲಲ್ಲಿ ಒಂದು ಮರಳ ಕಣ ಸಿಕ್ಕಿದ್ರೂ ಸಣ್ಣಗೆ ಗಾಳಿ ಹೋಗ್ತಾನೇ ಇರುತ್ತೆ, ಪ್ರತಿ ಸಲ ತೊಳೆದು ತುದಿಗೆ ಗ್ರೀಸ್ ಹಚ್ಚೋ ತಾಳ್ಮೆ ಇದ್ರೆ ಮಾತ್ರ ಅದಕ್ಕೆ ಹೆಚ್ಚಿಗೆ ದುಡ್ಡು ಕೊಡಿ.

ಪ್ಯಾಕ್‌ರಾಫ್ಟ್‌ನ ಕೊರತೆ ಏನು ಅಂದ್ರೆ ನಿಧಾನ, ಗಾಳಿಗೆ ಸೋಲುತ್ತೆ, ಪ್ರತಿ ಹುಟ್ಟಿಗೂ ಮೂತಿ ಎಡಕ್ಕೆ ಬಲಕ್ಕೆ ಓಲಾಡುತ್ತೆ. ಹಿಂದೆ ತಳಕ್ಕೆ ಮೀನಿನ ರೆಕ್ಕೆ ಥರದ ಪುಟ್ಟ ಫಿನ್ ಹಾಕಿದ್ರೆ ಎಷ್ಟೋ ವಾಸಿ. ಬಹುತೇಕ ಮಾಡೆಲ್ಲುಗಳಲ್ಲಿ ಸುತ್ತಲಿನ ಟ್ಯೂಬು ಒಂದೇ ಗಾಳಿ ಕೋಣೆ, ಅದು ಹರಿದ್ರೆ ತೇಲಿಸೋಕೆ ಇನ್ನೊಂದಿಲ್ಲ, ಹಾಗಾಗಿ ಲೈಫ್ ಜಾಕೆಟ್ ಬಿಚ್ಚಿ ಕಾಲ ಕೆಳಗೆ ಇಟ್ಕೊಳ್ಳೋ ಮಾತೇ ಇಲ್ಲ. ಬೆಲೆನೂ ಜಾಸ್ತಿ, ಒಳ್ಳೆ ಪ್ಯಾಕ್‌ರಾಫ್ಟಿನ ದುಡ್ಡಲ್ಲಿ ಸಾಧಾರಣ ಕಯಾಕು ಎರಡು ಮೂರು ಬರುತ್ತೆ. ಆದ್ರೆ ಮಗುಚಿದ್ರೆ ವಾಪಸ್ ಹತ್ತೋಕೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ, ಹಗುರ ಇರೋದ್ರಿಂದ ನೀರಲ್ಲೇ ತಿರುಗಿಸಿ, ಅಂಚಿಗೆ ಎದೆ ಕೊಟ್ಟು ಕಾಲು ಬಡಿದು ಎಗರಿ ಒಳಗೆ ಬೀಳಬಹುದು. ಆಳ ಇರದ ಕಡೆ ಬೇಕಂತಲೇ ಮಗುಚಿ ನಾಲ್ಕು ಸಲ ಅಭ್ಯಾಸ ಮಾಡಿಟ್ಕೊಳ್ಳಿ.

ಗಾಳಿ ಕಯಾಕಿಗೆ ಬಂದ್ರೆ ಲೋಕವೇ ಬೇರೆ. ಉದ್ದ 3 ಮೀಟರ್ ದಾಟುತ್ತೆ, ಮೂತಿ ಚೂಪು, ನೀರನ್ನ ಸೀಳಿಕೊಂಡು ನೇರಕ್ಕೆ ಹೋಗುತ್ತೆ, ಇಬ್ಬರು ಕೂತು ಒಂದೇ ತಾಳಕ್ಕೆ ಹುಟ್ಟು ಹಾಕಿದ್ರೆ ದಿನಕ್ಕೆ 15-20 ಕಿಲೋಮೀಟರ್ ಕಷ್ಟವಿಲ್ಲದೆ ಮುಗಿಯುತ್ತೆ. ತೂಕ ಒಬ್ಬರದಕ್ಕೆ 9ರಿಂದ 15 ಕೆಜಿ, ಇಬ್ಬರದಕ್ಕೆ 14ರಿಂದ 20. ಇದರಲ್ಲೂ ಒಳಜಾತಿ ಇದೆ, ಅದು ಗೊತ್ತಿಲ್ದೆ ದುಡ್ಡು ಹಾಕಬೇಡಿ. ಅಗ್ಗದ್ದು ವಿನೈಲ್ ಟ್ಯೂಬಿನದು, ಇಂಟೆಕ್ಸ್‌ನ ಎಕ್ಸ್‌ಪ್ಲೋರರ್ ಕೆ2 ಥರದ್ದು, 180 ಕೆಜಿ ಹೊರೋ ಇಬ್ಬರ ಕಯಾಕು, ಶಾಂತ ನೀರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅದರ ಮೇಲೆ ಬಟ್ಟೆ ಹೊದಿಕೆ ಇರೋದು, ಒಳಗಿನ ಟ್ಯೂಬಿಗೆ ಹೊರಗೆ ಗಟ್ಟಿ ಬಟ್ಟೆ ಕವಚ, ಅಡ್ವಾನ್ಸ್ಡ್ ಎಲಿಮೆಂಟ್ಸ್‌ನವರ ಕೆಲವಕ್ಕೆ ಮೂತಿಲಿ ಅಲ್ಯೂಮಿನಿಯಂ ಪಕ್ಕೆಲುಬು ಕೂಡ ಇರುತ್ತೆ, ನೇರಕ್ಕೆ ಚೆನ್ನಾಗಿ ಹೋಗುತ್ತೆ, ಆದ್ರೆ ಒಣಗೋದು ಬಲು ನಿಧಾನ. ದಿನಾ ಊರು ಬದಲಿಸೋ ಪ್ರವಾಸಕ್ಕೆ ಅದನ್ನ ನಾನು ಹೇಳಲ್ಲ, ಎರಡನೇ ದಿನಕ್ಕೇ ಬೂಷ್ಟು ವಾಸನೆ ಹಿಡಿಯುತ್ತೆ. ಚೆಕ್ ದೇಶದ ಗುಮೋಟೆಕ್ಸ್‌ನವರು ನೈಟ್ರಿಲಾನ್ ಅನ್ನೋ ರಬ್ಬರ್ ಲೇಪದ ಬಟ್ಟೆಲಿ ಮಾಡ್ತಾರೆ, ಹೊದಿಕೆಯಿಲ್ಲದ ಅಂಥ ಮಾಡೆಲ್ಲುಗಳನ್ನ ಒಂದು ಟವೆಲಲ್ಲಿ ಒರೆಸಿದ್ರೆ ಒಣಗಿದ ಹಾಗೇ, ವರ್ಷಗಟ್ಟಲೆ ಬಾಳಿಕೆ, ಮೊದಲ ಖರ್ಚು ಮಾತ್ರ ಜಾಸ್ತಿ.

ಆಮೇಲೆ ಡ್ರಾಪ್ ಸ್ಟಿಚ್. ಎರಡು ಪದರದ ಮಧ್ಯೆ ಸಾವಿರಾರು ದಾರಗಳನ್ನ ಒಂದೇ ಅಳತೆಗೆ ನೇಯ್ದಿರ್ತಾರೆ, ಎಷ್ಟೇ ಗಾಳಿ ಒತ್ತಿದ್ರೂ ದಾರ ಬಿಗಿ ಹಿಡಿಯೋದ್ರಿಂದ ಬಲೂನ್ ಥರ ಉಬ್ಬದೆ ಹಲಗೆ ಥರ ಚಪ್ಪಟೆ ಗಟ್ಟಿ ನಿಲ್ಲುತ್ತೆ. ಗುಡ್‌ಇಯರ್ ಕಂಪನಿ 1956ರಲ್ಲಿ ಇದೇ ಥರದ ಬಟ್ಟೆ ಇಟ್ಕೊಂಡು ಗಾಳಿ ತುಂಬಿ ಹಾರೋ ವಿಮಾನವನ್ನೇ ಮಾಡಿತ್ತು ಅಂದ್ರೆ ಅದರ ಗಟ್ಟಿತನ ಊಹಿಸಿ. ಮಾಮೂಲಿ ಟ್ಯೂಬಿಗೆ 1ರಿಂದ 3 ಪಿಎಸ್‌ಐ (ಗಾಡಿ ಟೈರಿಗೆ ಗಾಳಿ ಅಳೆಯೋ ಅದೇ ಮಾನ) ಒತ್ತಡ, ಡ್ರಾಪ್ ಸ್ಟಿಚ್ ಕಯಾಕಿಗೆ 8ರಿಂದ 10. ತಳ ಒಂದು ಡ್ರಾಪ್ ಸ್ಟಿಚ್ ಇದ್ರೂ ವ್ಯತ್ಯಾಸ ಕೂತ ತಕ್ಷಣ ಗೊತ್ತಾಗುತ್ತೆ, ಹಿಂಭಾಗ ಕುಸಿಯಲ್ಲ, ಹುಟ್ಟಿನ ಬಲ ಪೂರ್ತಿ ಬೋಟಿಗೆ ಹೋಗುತ್ತೆ. ತಳ, ಎರಡೂ ಪಕ್ಕ, ಹೀಗೆ ಮೂರೂ ಕಡೆ ಡ್ರಾಪ್ ಸ್ಟಿಚ್ ಇರೋದು ಹೆಚ್ಚು ಕಮ್ಮಿ ಗಟ್ಟಿ ಕಯಾಕಿನ ಥರಾನೇ ಓಡುತ್ತೆ, ಆದ್ರೆ ಅಂಚಿನ ಟ್ಯೂಬು ತೆಳು ಆಗೋದ್ರಿಂದ ಹೊಸಬರಿಗೆ ಸ್ವಲ್ಪ ಓಲಾಡಿದಂಗೆ ಅನ್ಸುತ್ತೆ, ಮಡಚಿದ್ರೂ ದೊಡ್ಡ ಗಂಟು. ಮತ್ತೆ ಆ ಕೊನೇ ಎರಡು ಪಿಎಸ್‌ಐ ತುಂಬೋವಾಗ ಕೈ ಪಂಪಿನ ಮೇಲೆ ಇಡೀ ಮೈ ಭಾರ ಹಾಕ್ಬೇಕು, ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ನಿಮಿಷ ಇದನ್ನ ಮಾಡೋ ಮನಸ್ಸಿದ್ಯಾ ಕೇಳ್ಕೊಳ್ಳಿ.

ಒತ್ತಡ ಜಾಸ್ತಿ ಇರೋ ಬೋಟಿಗೆ ಬಿಸಿಲಿನ ಲೆಕ್ಕನೂ ಬೇಕು. ತಾಪ 10 ಡಿಗ್ರಿ ಏರಿದ್ರೆ 10 ಪಿಎಸ್‌ಐ ಇದ್ದದ್ದು ಸುಮಾರು 0.8 ಏರುತ್ತೆ, ದಡದ ಮೇಲೆ ಬಿಸಿಲಿಗಿಟ್ಟು ಊಟಕ್ಕೆ ಕೂತ್ರೆ ಕಡು ಬಣ್ಣದ ಬೋಟು 30 ಡಿಗ್ರಿ ಕಾಯೋದು ದೊಡ್ಡ ವಿಷಯ ಅಲ್ಲ, ಅಂಚು ಬಿಟ್ಕೊಳ್ಳೋದು ಹೀಗೇ. ನೆರಳಿಗೆ ಎಳೀರಿ, ಇಲ್ಲ ಸ್ವಲ್ಪ ಗಾಳಿ ಬಿಡಿ, ಇಲ್ಲ ನೀರಲ್ಲೇ ಕಟ್ಟಿ ಬಿಡಿ. ಕೆಲವಕ್ಕೆ ಒತ್ತಡ ಮೀರಿದ್ರೆ ತಾನಾಗೇ ಬಿಡೋ ವಾಲ್ವ್ ಇರುತ್ತೆ, ಆದ್ರೆ ಹೆಚ್ಚಾಗಿ ಅದು ತಳಕ್ಕೆ ಮಾತ್ರ.

ಮೋಟಾರ್ ಕೂರಿಸೋ ಹಲಗೆ ಇರೋ ಡಿಂಗಿ ಬಗ್ಗೆ ಬೇಗ ಮುಗಿಸ್ತೀನಿ. 2ರಿಂದ 2.5 ಮೀಟರ್ ಉದ್ದ, 15ರಿಂದ 30 ಕೆಜಿ, ದೊಡ್ಡ ಹಡಗಿಂದ ದಡಕ್ಕೆ ಹೋಗಿ ಬರೋಕೆ, ನಿಂತು ಮೀನು ಹಿಡಿಯೋಕೆ, ಮಕ್ಕಳ ಸಮೇತ ಮೂರು ನಾಲ್ಕು ಜನ ಕೂರೋಕೆ ಇದರಷ್ಟು ನೆಮ್ಮದಿ ಇನ್ನೊಂದರಲ್ಲಿಲ್ಲ. ಹುಟ್ಟು ಹಾಕ್ಕೊಂಡು ದೂರ ಹೋಗೋಕೆ ಮಾತ್ರ ಲಾಯಕ್ಕಿಲ್ಲ. ಬ್ಯಾಟರಿ ಮೋಟಾರ್ ಹಾಕ್ತೀನಿ ಅಂದ್ರೆ 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿನೇ 25-30 ಕೆಜಿ, ಲಿಥಿಯಂ ಆದ್ರೆ ಅದರರ್ಧಕ್ಕಿಂತ ಕಮ್ಮಿ ಆದ್ರೂ ವಿಮಾನ ಹತ್ತಲ್ಲ. ಕಾರು ಇದ್ದು, ಕಾರು ನೀರಿನ ಅಂಚಿಗೇ ಹೋಗುತ್ತೆ ಅನ್ನೋರಿಗೆ ಇದು.

ಗಾಳಿ ತುಂಬೋ ಎಸ್‌ಯುಪಿ (ಸ್ಟ್ಯಾಂಡ್-ಅಪ್ ಪ್ಯಾಡಲ್) ಬೋರ್ಡಿಗೂ ಆಸೆ ಪಡೋರಿದ್ದಾರೆ, ನಿಂತು ಹುಟ್ಟು ಹಾಕೋದು, 8ರಿಂದ 11 ಕೆಜಿ, ಒಣಗಿಸೋದು ಸುಲಭ, ವ್ಯಾಯಾಮಕ್ಕೆ ಬಲು ಚೆಂದ. ಮೈ ಒದ್ದೆ ಆಗುತ್ತೆ, ಲಗೇಜು ಸ್ವಲ್ಪವೇ ಹಿಡಿಯುತ್ತೆ, ನಿಂತ ಮನುಷ್ಯನೇ ಹಾಯಿ ಥರ ಗಾಳಿಗೆ ಸಿಗ್ತಾನೆ. ಬೆಚ್ಚಗಿನ ನೀರು, ಗಂಟೆ ಎರಡು ಗಂಟೆ ಆಟ ಅಂದ್ರೆ ಧಾರಾಳವಾಗಿ ತಗೊಳ್ಳಿ.

ಬಟ್ಟೆ ಬಗ್ಗೆ ಒಂದು ಮಾತು. ಪಿವಿಸಿ, ಅಂದ್ರೆ ಮೇಲೆ ಹೇಳಿದ ವಿನೈಲೇ, ಅಗ್ಗ, ಭಾರ, ಚಳಿಗೆ ಬಿರುಸಾಗುತ್ತೆ. ಟಿಪಿಯು ಹಗುರ, ತೆಳುವಾಗಿ ಮಡಚುತ್ತೆ, ಉಜ್ಜಿದ್ರೂ ತಡೆಯುತ್ತೆ, ದುಬಾರಿ. ಹೈಪಲಾನ್ ಅನ್ನೋ ಹೆಸರು ಡಿಂಗಿಗಳಲ್ಲಿ ಕೇಳ್ತೀರ, ಬಿಸಿಲು ತಡೆಯೋದ್ರಲ್ಲಿ ಅದೇ ಮೇಲು, ಆ ಹೆಸರಲ್ಲಿ ಡ್ಯುಪಾಂಟ್ ತಯಾರಿಸೋದನ್ನ 2010ರಲ್ಲೇ ನಿಲ್ಲಿಸಿದ್ರೂ ಅದೇ ಜಾತಿಯ ರಬ್ಬರನ್ನ ಬೇರೆಯವರು ಮಾಡ್ತಾರೆ. ಯಾವ ಬಟ್ಟೆ ಅಂತ ತಿಳ್ಕೊಂಡಿರಬೇಕಾಗಿರೋದು ತೇಪೆಗೋಸ್ಕರ, ಟಿಯರ್-ಏಡ್ ತೇಪೆಲಿ ಎ ಮತ್ತು ಬಿ ಅಂತ ಎರಡು ಥರ ಇದೆ, ವಿನೈಲಿಗೆ ಬಿ, ಟಿಪಿಯು ಲೇಪದ ಬಟ್ಟೆಗೆ ಎ, ಅದಲು ಬದಲಾದ್ರೆ ಹಿಡಿಯಲ್ಲ. ಸೋರೋ ಜಾಗ ಕಣ್ಣಿಗೆ ಕಾಣಲ್ಲ, ಸೋಪು ನೀರು ಸವರಿ ಕಾಯ್ಬೇಕು, ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ ಒಂದೇ ಕಡೆ ಮತ್ತೆ ಮತ್ತೆ ಏಳ್ತಾ ಇದ್ರೆ ಅದೇ ತೂತು. ಪೆನ್ನಲ್ಲಿ ಗುರುತು ಹಾಕಿ, ಸ್ಪಿರಿಟಲ್ಲಿ ಒರೆಸಿ ಪೂರ್ತಿ ಒಣಗಿದ ಮೇಲೆ ತೇಪೆ ಅಂಟಿಸಿ, ಮೂಲೆಗಳನ್ನ ದುಂಡಗೆ ಕತ್ತರಿಸಿದ್ರೆ ಕಿತ್ಕೊಂಡು ಬರಲ್ಲ.

ಒಣಗಿಸೋದು ಬೋಟಿನ ಆಯಸ್ಸಿಗೆ ಮಾತ್ರ ಅಲ್ಲ. ಒಂದು ನೀರಿಂದ ಇನ್ನೊಂದು ನೀರಿಗೆ ಒದ್ದೆ ಬೋಟ್ ಒಯ್ದ್ರೆ ಜೊತೆಗೆ ಕಳೆ, ಜೀಬ್ರಾ ಮಸಲ್ ಥರದ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಹೋಗ್ತವೆ, ಒಂದ್ಸಲ ಸೇರಿದ್ರೆ ಆ ಕೆರೆಯಿಂದ ತೆಗೆಯೋಕಾಗಲ್ಲ. ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ ಆಮೇಲೆ ಮುಂದಿನ ನೀರಿಗೆ ಇಳಿಸಿ, ಎಷ್ಟೋ ದೇಶದಲ್ಲಿ ಇದು ಕಾನೂನೇ. ಹಾಗಾಗಿ ಎರಡು ದಿನಕ್ಕೊಂದು ಹೊಸ ನೀರು ನೋಡೋರು ಬೇಗ ಒಣಗೋ ಬೋಟನ್ನೇ ಆರಿಸ್ಬೇಕು ಅಂತ ನಾನು ಪಟ್ಟು ಹಿಡಿಯೋದು.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಒಬ್ಬರೇ, ಬೆನ್ನಿಗೆ ಚೀಲ, ನಡೆದು ಹೋಗೋರು ಅಥವಾ ಸೈಕಲ್ಲಲ್ಲಿ ಹೋಗೋರು ಪ್ಯಾಕ್‌ರಾಫ್ಟ್ ಬಿಟ್ಟು ಬೇರೆ ನೋಡಲೇಬೇಡಿ, ದುಡ್ಡು ಸಾಲದಿದ್ರೆ ಜಿಪ್ಪು, ಹೊದಿಕೆ ಎಲ್ಲ ಬಿಟ್ಟು ಬರೀ ತೆರೆದ ಮಾಡೆಲ್ ತಗೊಳ್ಳಿ, ಇಲ್ಲ ಬಳಸಿದ್ದು ಹುಡುಕಿ. ಗಂಡ ಹೆಂಡತಿ ಇಬ್ಬರು, ಕಾರು, ಒಂದೇ ಕಡೆ ಮೂರು ನಾಲ್ಕು ದಿನ ಉಳ್ಕೊಂಡು ದೊಡ್ಡ ಕೆರೆ ಸುತ್ತೋರಿಗೆ ಡ್ರಾಪ್ ಸ್ಟಿಚ್ ತಳದ ಇಬ್ಬರ ಕಯಾಕು, ಇದರಲ್ಲಿ ನಂಗೆ ಎರಡನೇ ಮಾತಿಲ್ಲ. ವಿಮಾನದಲ್ಲಿ ಹೋಗೋ ಇಬ್ಬರಿಗೆ ಮಾತ್ರ ಒಂದು ಭಾರದ ಕಯಾಕಿಗಿಂತ ಎರಡು ಪ್ಯಾಕ್‌ರಾಫ್ಟ್ ಇಲ್ಲ 4-5 ಕೆಜಿಯ ಇಬ್ಬರ ಪ್ಯಾಕ್‌ರಾಫ್ಟ್ ವಾಸಿ. ಸಣ್ಣ ಮಕ್ಕಳಿದ್ರೆ ವೇಗ ಮರೆತುಬಿಡಿ, ಅಗಲ, ಅಂಚಿನ ಎತ್ತರ, ಎರಡು ಮೂರು ಗಾಳಿ ಕೋಣೆ ನೋಡಿ. ಉದ್ದ ಕಾಲಿನವರು ಒಳ ಉದ್ದ ಕೇಳಿ ತಿಳ್ಕೊಳ್ಳಿ, ಪಾದ ಮುಂದಿನ ಟ್ಯೂಬಿಗೆ ಹಿತವಾಗಿ ತಾಗಬೇಕು, ಮಂಡಿ ಎದೆಗೆ ಬರೋ ಹಂಗಿದ್ರೆ ಅರ್ಧ ಗಂಟೆಲಿ ಸೊಂಟ ಹಿಡ್ಕೊಳ್ಳುತ್ತೆ. ಎಷ್ಟು ಕೆಜಿ ಹೊರುತ್ತೆ ಅಂತ ಬರೆದಿರ್ತಾರೋ ಅದರ ಮೂರನೇ ಎರಡು ಭಾಗವನ್ನೇ ನಿಮ್ಮ ಮಿತಿ ಅಂತ ಇಟ್ಕೊಳ್ಳಿ.

ಹಾಸಿಗೆ ಇದ್ದಷ್ಟು ಕಾಲು ಚಾಚೋದು ಸರಿನೇ, ಆದ್ರೆ ದುಡ್ಡು ಉಳಿಸೋ ಜಾಗ ಲೈಫ್ ಜಾಕೆಟ್ ಅಲ್ಲ. ಇಡೀ ಬಜೆಟ್ಟಲ್ಲಿ ಮೈಗೆ ಸರಿಯಾಗಿ ಕೂರೋ ಜಾಕೆಟ್ಟಿಗೆ ಮೊದಲು ಎತ್ತಿಟ್ಟು, ಆಮೇಲೆ ಹುಟ್ಟಿಗೆ, ಮಿಕ್ಕಿದ್ರಲ್ಲಿ ಬೋಟು. ಹುಟ್ಟು ಯಾಕೆ ಅಂದ್ರೆ ಅದನ್ನ ದಿನಕ್ಕೆ ಸಾವಿರಾರು ಸಲ ಎತ್ತಿ ಇಳಿಸ್ತೀರ, ನೂರೈವತ್ತು ಗ್ರಾಂ ವ್ಯತ್ಯಾಸನೂ ಸಂಜೆ ಭುಜಕ್ಕೆ ಗೊತ್ತಾಗುತ್ತೆ. ಪ್ರವಾಸಕ್ಕೆ ನಾಲ್ಕು ತುಂಡಾಗೋದು ಬೇಕು, ಪ್ಯಾಕ್‌ರಾಫ್ಟಿಗೆ 210-220 ಸೆಂಟಿಮೀಟರ್, ಅಗಲ ಜಾಸ್ತಿ ಇರೋ ಕಯಾಕಿಗೆ 230-240.

ಬೋಟು ಮನೆಗೆ ಬಂದ ದಿನ ಸಂಜೆನೇ ಪೂರ್ತಿ ಗಾಳಿ ತುಂಬಿ ರಾತ್ರಿ ನೆರಳಲ್ಲಿ ಬಿಡಿ. ಬೆಳಗ್ಗೆ ಸ್ವಲ್ಪ ಮೆತ್ತಗಾಗಿದ್ರೆ ರಾತ್ರಿ ತಂಪಿಗೆ, ಅದಕ್ಕೆ ಚಿಂತೆ ಬೇಡ, ಒಂದು ಕಡೆ ಮಾತ್ರ ಪೂರ್ತಿ ಕುಸಿದಿದ್ರೆ ಅಂಚೋ ವಾಲ್ವೋ ಸೋರ್ತಿದೆ, ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆನೇ ಗೊತ್ತಾಯ್ತಲ್ಲ ಅಷ್ಟು ಒಳ್ಳೇದು. ಆಮೇಲೆ ಹುಟ್ಟು ಜಾಕೆಟ್ಟು ಪಂಪು ಎಲ್ಲ ಅದೇ ಚೀಲಕ್ಕೆ ತುಂಬಿ, ಹೆಗಲಿಗೆ ಏರಿಸಿ, ಅರ್ಧ ಗಂಟೆ ನಡ್ಕೊಂಡು ಬನ್ನಿ.